ಏಳನೇ ಮಾಳಿಗೆಯಲ್ಲಿ ಒಂದು ಜೊತೆ ಚಪ್ಪಲಿ

ಕಾಗಾಲ

ಮೊದಲೇ ಹೇಳಿಬಿಡುತ್ತೇನೆ, ನನಗೆ ನೀರೆಂದರೆ ಹೆದರಿಕೆ. ಬಾವಿಯ ನೀರು, ಬಕೆಟ್ಟಿನ ನೀರು ಅಲ್ಲ. ಕಾಲಿಗೆ ನೆಲ ಸಿಗದ ನೀರು. ಕುಮಟೆಯಲ್ಲಿ ಹುಟ್ಟಿ, ಸಮುದ್ರದ ಸದ್ದು ಕೇಳುತ್ತಲೇ ಬೆಳೆದವಳಿಗೆ ಇದೆಂಥ ರೋಗ ಎಂದು ನಗುವವರು ಬೇಕಾದಷ್ಟು ಜನ ಇದ್ದಾರೆ, ನೀವೂ ಸೇರಿಕೊಳ್ಳಿ. ಭಟ್ಕಳದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನಾನು ದಿನವೂ ಕುಮಟೆಯಿಂದ ಬಸ್ಸಿನಲ್ಲಿ ಓಡಾಡುತ್ತೇನೆ. ಹೊನ್ನಾವರದಲ್ಲಿ ಶರಾವತಿ ಸೇತುವೆ ಬಂದ ಕೂಡಲೇ ನನ್ನ ಕಣ್ಣು ಎದುರು ಸೀಟಿನವರ ಕುತ್ತಿಗೆಗೆ ಅಂಟಿಕೊಳ್ಳುತ್ತದೆ. ಯಾರ ಸರ ಎಷ್ಟೆಳೆಯದು, ಯಾರ ಅಂಗಿಯ ಕಾಲರು ಸವೆದಿದೆ, ಎಲ್ಲ ನನಗೆ ಗೊತ್ತು. ಹೊಳೆ ಮಳೆಗಾಲದಲ್ಲಿ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಕೇಳಿದರೆ ಗೊತ್ತಿಲ್ಲ.

ಇದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಸಣ್ಣವಳಿದ್ದಾಗ ಅಮ್ಮ ಮತ್ತು ಬೀರು ಮಾವನ ಜೊತೆ ಅಘನಾಶಿನಿ ಹೊಳೆ ದಾಟುತ್ತಿದ್ದೆ. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಒಂದು ತೆರೆ ಬಂದು ದೋಣಿ ವಾಲಿತು, ನನ್ನ ಪಾದ ಮುಳುಗುವಷ್ಟು ನೀರು ಒಳಗೆ ಬಂತು. ಅಷ್ಟೇ. ಉಳಿದವರು ಮಾತು ಕೂಡ ನಿಲ್ಲಿಸಲಿಲ್ಲ. ಮಾವ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಆಚೆ ದಡದವರೆಗೂ ನಾನು ಅವನ ಕೂದಲನ್ನು ಬಿಟ್ಟಿರಲಿಲ್ಲವಂತೆ; ಮರುದಿನವೂ ತಲೆ ನೋಯುತ್ತಿತ್ತು ಎಂದು ಈಗಲೂ ಊರ ತುಂಬ ಹೇಳಿಕೊಂಡು ತಿರುಗುತ್ತಾನೆ.

ಈ ಮಾವ ಎಂದರೆ ಅಮ್ಮನ ತಮ್ಮ. ಕಾಗಾಲದಲ್ಲಿ ಭತ್ತ, ಬಸಳೆ, ಬದನೆ ಬೆಳೆಯುತ್ತಾನೆ. ಸುಗ್ಗಿ ಬಂತೆಂದರೆ ಮನೆ ಮನೆಗೆ ಹೋಗಿ ಕುಣಿಯುವ ತಂಡದಲ್ಲಿ ಗುಮಟೆ ಬಾರಿಸುತ್ತಾನೆ. ಗುಮಟೆ ನೋಡದವರಿಗೆ ಹೇಳಬೇಕೆಂದರೆ, ಅದೊಂದು ಮಣ್ಣಿನ ಕೊಡ. ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ಬಾಯಿ ತೆರೆದೇ ಇರುತ್ತದೆ. ಕಂಕುಳಲ್ಲಿ ಅವುಚಿ ಹಿಡಿದು ಒಂದು ಕೈಯಿಂದ ಬಡಿಯಬೇಕು, ಇನ್ನೊಂದು ಕೈಯಿಂದ ತೆರೆದ ಬಾಯನ್ನು ಮುಚ್ಚಿ ತೆಗೆದು ಅದನ್ನು ಮಾತಾಡಿಸಬೇಕು. ಈ ಮಾತಾಡಿಸುವುದನ್ನು ಯಾರೋ ಎಲ್ಲೋ ಕೇಳಿ, ಸ್ವೀಡನ್ನಿನಲ್ಲಿ ಒಂದು, ಫಿನ್ಲೆಂಡಿನಲ್ಲಿ ಒಂದು ಜಾನಪದ ಸಂಗೀತದ ಕೂಟಕ್ಕೆ ಮಾವನನ್ನೂ ಅವನ ಜೊತೆಗಾರ ತಿಮ್ಮಣ್ಣನನ್ನೂ ಕರೆದರು. ಇಬ್ಬರಿಗೂ ಇಂಗ್ಲಿಷ್ ಬಾರದು. ನಾನು ದುಭಾಷಿ.

ಹೊರಡುವ ದಿನ ಹೊನ್ನತ್ತೆ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಹ್ಯಾಂಗೆ ಕರ್ಕಂಡು ಹೋಗ್ತೀಯೋ, ಹಾಂಗೇ ತಂದು ಮುಟ್ಸು." ಎಪ್ಪತ್ತು ದಾಟಿದ ಗಂಡ, ಬೆಂಗಳೂರನ್ನೇ ನೋಡದವನು, ಅವಳಿಗೆ ದಿಗಿಲಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ಮಾವನನ್ನು ಅಡಿಗೆಮನೆಯ ಹಿಂದಕ್ಕೆ ಕರೆದು ಏನೋ ಪಿಸುಗುಟ್ಟಿದಳು. ಕಂಬಳಿಯಲ್ಲಿ ಸುತ್ತಿದ ಗುಮಟೆಯ ಪಕ್ಕ ಜುಟ್ಟು ಬಿಟ್ಟು ಸುಲಿದ ಒಂದು ತೆಂಗಿನಕಾಯಿ ತುರುಕಿದಳು. ಬಿ.ಪಿ. ಗುಳಿಗೆಯ ವಿಚಾರ ಇರಬೇಕು, ಕಾಯಿ ಅಲ್ಲಿ ಸಾರಿಗೆ ಆಗಬಹುದು ಎಂದುಕೊಂಡು ನಾನು ಸುಮ್ಮನಾದೆ.

ಸ್ಟಾಕ್‌ಹೋಮ್

ಅದು ಚಳಿಗಾಲ ಹೊಸ್ತಿಲಲ್ಲಿ ನಿಂತ ಹೊತ್ತು. ನಮ್ಮಲ್ಲಿ ಮಳೆ ಮುಗಿದು ಕೊಯ್ಲಿಗೆ ಕತ್ತಿ ಮಸೆಯುವಾಗ ಅಲ್ಲಿ ಮಧ್ಯಾಹ್ನಕ್ಕೇ ದೀಪ ಹಚ್ಚುತ್ತಾರೆ. ಆ ಊರಿನವರು ಮೆಲ್ಲಗೆ ಮಾತಾಡುತ್ತಾರೆ. ಬಸ್ ನಿಲ್ದಾಣದಲ್ಲಿ ಒಬ್ಬರಿಂದ ಒಬ್ಬರು ಒಂದು ಮಾರು ದೂರ ನಿಲ್ಲುತ್ತಾರೆ. ಇವರೆಲ್ಲ ಮಾತು ಬಿಟ್ಟವರೇ ಎಂದು ಮಾವ ಕೇಳಿದ. ಅಲ್ಲ, ಇವರ ಮರ್ಯಾದೆಯೇ ಹಾಗೆ ಎಂದೆ. ಮಾವ ಅವರ ಪಕ್ಕಕ್ಕೇ ಹೋಗಿ ನಿಂತು ನಕ್ಕ. ಅವರೂ ನಕ್ಕು, ಮೆಲ್ಲಗೆ ಒಂದು ಹೆಜ್ಜೆ ಸರಿದರು.

ಮಾವ ಬೂಟು ಹಾಕಲು ಸುತರಾಂ ಒಪ್ಪಲಿಲ್ಲ. ಉಣ್ಣೆಯ ಕಾಲುಚೀಲದ ಮೇಲೆ, ಕುಮಟೆ ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಸಿದ ಚರ್ಮದ ಚಪ್ಪಲಿ. ಪಂಚೆಯ ಒಳಗೆ ಉದ್ದನೆಯ ಉಣ್ಣೆ ಚಡ್ಡಿ, ಮೇಲೆ ನನ್ನ ಗಂಡನ ಜಾಕೀಟು, ತಲೆಗೆ ಟವೆಲ್ಲಿನ ಮುಂಡಾಸು.

ಪೇಚಾಟವಾದದ್ದು ಗುಮಟೆಯದು. ಥಂಡಿಗೆ ಚರ್ಮ ಸಡಿಲವಾಗಿ ಒದ್ದೆ ಗೋಣಿ ಬಡಿದ ಸದ್ದು ಬರತೊಡಗಿತು. ಊರಲ್ಲಾದರೆ ನಾಲ್ಕು ಒಣ ತೆಂಗಿನ ಮಡಲು, ಒಂದು ಹಿಡಿ ಹುಲ್ಲು ಹೊತ್ತಿಸಿ ಬೆಂಕಿಗೆ ಹಿಡಿದರೆ ಕ್ಷಣದಲ್ಲಿ ಬಿಗಿಯುತ್ತದೆ. ಸಭಾಂಗಣದ ಹಿಂದೆ ಮಾವ ಹಳೆಯ ಪೇಪರು ಗುಡ್ಡೆ ಮಾಡಿ ಕಡ್ಡಿ ಗೀರುವಷ್ಟರಲ್ಲಿ ನಾನು ಕಂಡೆ. ಪುಣ್ಯ. ಕಡ್ಡಿಪೆಟ್ಟಿಗೆ ಕಿತ್ತುಕೊಂಡು ನನ್ನ ಕೈಚೀಲಕ್ಕೆ ಹಾಕಿದೆ. ಅವತ್ತು ಗುಮಟೆ ಗೊಗ್ಗರು ದನಿಯಲ್ಲೇ ಮಾತಾಡಿತು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು, ಮಾವನಿಗೆ ಮಾತ್ರ ಒಂದು ತುತ್ತು ಸೇರಲಿಲ್ಲ. ಅದು ಗುಮಟೆಯ ದನಿಯೇ ಅಲ್ಲ, ಊರಿನ ಹೆಸರು ಹಾಳಾಯಿತು ಎಂದು ಕೊರಗಿದ.

ಮರುದಿನ ಹೆಲ್ಸಿಂಕಿಗೆ ಹೋಗಬೇಕಿತ್ತು. ವಿಮಾನ ಎಷ್ಟು ಹೊತ್ತಿಗೆ ಎಂದು ಸಂಘಟಕರನ್ನು ಕೇಳಿದೆ. ವಿಮಾನವಲ್ಲ, ರಾತ್ರಿ ಹಡಗು. ಸಂಜೆ ಹತ್ತಿ ಮಲಗಿದರೆ ಬೆಳಿಗ್ಗೆ ಆ ದೇಶ, ನಮ್ಮಲ್ಲಿ ಎಲ್ಲರೂ ಹೀಗೇ ಹೋಗುವುದು ಎಂದು ಆ ಮನುಷ್ಯ ಶಿರಸಿ ಬಸ್ಸಿನ ವಿಚಾರ ಹೇಳಿದಷ್ಟು ಸಲೀಸಾಗಿ ಹೇಳಿದ. ಬಹಳ ಸಂತೋಷ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಹಡಗಿನ ಬಾಯಿ

ನಮ್ಮ ತದಡಿಯಲ್ಲಿ ಹೊಳೆ ದಾಟಿಸುವ ಬಾರ್ಜಿನಲ್ಲಿ ನಾಲ್ಕು ಬೈಕು, ಒಂದು ಜೀಪು ನಿಂತರೆ ತುಂಬಿತು. ಇಲ್ಲಿ ಹಡಗು ಮುಂಭಾಗದ ಬಾಯನ್ನು ಮೇಲಕ್ಕೆತ್ತಿ ತೆರೆದಿತ್ತು, ಲಾರಿಗಳು ಒಂದರ ಹಿಂದೊಂದು ಒಳಗೆ ಹೋಗುತ್ತಲೇ ಇದ್ದವು. ಇಷ್ಟು ಭಾರ ಹೊತ್ತದ್ದು ತೇಲುವುದು ಹೇಗೆ? ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟದ್ದೆಲ್ಲ ಆ ಗಳಿಗೆಯಲ್ಲಿ ಮರೆತುಹೋಯಿತು. ಮುಚ್ಚುವ ಬಾಯಿ ಸರಿಯಾಗಿ ಮುಚ್ಚುತ್ತದೆಂದು ಏನು ಗ್ಯಾರಂಟಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಒಳಗೆ ಹೋದರೆ ಅದೊಂದು ಊರೇ. ಹೊಳೆಯುವ ಹಿತ್ತಾಳೆಯ ಹಿಡಿಗಂಬಿ, ಕೆಂಪು ಜಮಖಾನೆ, ಬಿಲ್ಲಿನಂತೆ ಬಾಗಿದ ಮರದ ಮೆಟ್ಟಿಲು. ಹಳೆಯ ಕಾಲದ ಹಡಗಂತೆ, ಇದರ ಮೇಲೆ ಅಲ್ಲಿನವರಿಗೆ ಪ್ರೀತಿ ಜಾಸ್ತಿ. ಬೀದಿಯಲ್ಲಿ ಉಸಿರೆತ್ತದ ಜನ ಇಲ್ಲಿ ಕಾಲಿಟ್ಟದ್ದೇ ಬೇರೆಯವರಾಗಿಬಿಟ್ಟರು. ಮುದುಕ ಮುದುಕಿಯರು ಜೋಡಿಯಾಗಿ ಕುಣಿಯುತ್ತಿದ್ದರು. ಒಬ್ಬ ದಪ್ಪ ಗಂಡಸು ಮೈಕು ಹಿಡಿದು ಕಣ್ಣು ಮುಚ್ಚಿ ಅಪಸ್ವರದಲ್ಲಿ ಹಾಡುತ್ತಿದ್ದ, ಯಾರೂ ಅವನನ್ನು ಇಳಿಸಲಿಲ್ಲ. ಮಾವನಿಗೆ ಖುಷಿಯೋ ಖುಷಿ. ಇವರಿಗೂ ಸುಗ್ಗಿ ಉಂಟು, ನೀರಿನ ಮೇಲೆ ಮಾಡುತ್ತಾರೆ ಎಂದು ತಿಮ್ಮಣ್ಣನಿಗೆ ವಿವರಿಸಿದ.

ನಾನು ಮಾತ್ರ ಗೋಡೆಯ ಮೇಲಿನ ಚಿತ್ರಗಳನ್ನು ಓದುತ್ತ ನಿಂತೆ. ತೇಲುವ ಅಂಗಿ ಎಲ್ಲಿದೆ, ಯಾವ ಗಂಟೆಗೆ ಯಾವ ಕಡೆ ಓಡಬೇಕು, ದೋಣಿ ಇಳಿಸುವುದು ಹೇಗೆ. ಪಾಸ್‌ಪೋರ್ಟುಗಳ ಚೀಲವನ್ನು ಕುತ್ತಿಗೆಗೆ ಅಡ್ಡ ಹಾಕಿ, ಸ್ವೆಟರಿನ ಒಳಗೆ ಸೇರಿಸಿಕೊಂಡೆ. ಮುಳುಗಿದರೂ ಗುರುತು ಹತ್ತಲಿ ಎಂಬ ಯೋಚನೆ ನನ್ನದೇ.

ಹಡಗು ಹೊರಟ ಮೇಲೆ ಬಹಳ ಹೊತ್ತು ದ್ವೀಪಗಳ ನಡುವೆಯೇ ಹೋಯಿತು. ಕಲ್ಲುಬಂಡೆಯ ಸಣ್ಣ ಸಣ್ಣ ದ್ವೀಪಗಳು, ಒಂದೊಂದರ ಮೇಲೂ ಒಂದು ಮನೆ, ಒಂದು ದೀಪ. ನೆಲ ಅಷ್ಟು ಹತ್ತಿರವಿದ್ದದ್ದರಿಂದ ಊಟ ಗಂಟಲಲ್ಲಿ ಇಳಿಯಿತು. ಮಾವ ಬೇಯಿಸಿದ ಬಟಾಟೆ ಕಿವುಚಿ, ಅತ್ತೆ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಹಚ್ಚಿ, ಅನ್ನದ ಜೊತೆ ಕಲಸಿ ಉಣ್ಣುತ್ತಿದ್ದ. ಉಣ್ಣುತ್ತಲೇ ನನ್ನನ್ನು ನೋಡುತ್ತಿದ್ದ. ದೀಪಗಳು ಮುಗಿದವು, ಕಿಟಕಿ ಕಪ್ಪಾಯಿತು, ಲೋಟದ ನೀರು ಮೆಲ್ಲಗೆ ಒಂದು ಬದಿಗೆ ವಾಲಿತು. ನನ್ನ ಕೈಯ ಚಮಚ ತಟ್ಟೆಗೆ ಬಡಿದು ಕಿಣಿಕಿಣಿ ಎಂದಿತು.

"ಎಂತ ಆತು ತಂಗೀ?" ಎಂದು ಕೇಳಿದ, ನಮ್ಮ ಕಡೆ ಹುಡುಗಿಯರನ್ನು ಕರೆಯುವ ಹಾಗೆ.

ಎಂತದೂ ಇಲ್ಲ, ಥಂಡಿ ಎಂದೆ. ಮಲಗಲು ಹೋಗುವ ಮುಂಚೆ ನಾನು ಒಂದೇ ಒಂದು ಕರಾರು ಹಾಕಿದೆ: ಹಡಗಿನಲ್ಲಿ ಏನೇ ಆದರೂ ಬೆಂಕಿ ಹಚ್ಚಕೂಡದು. ಗುಮಟೆ ಹಾಳಾಗಿ ಹೋಗಲಿ, ನಾಳೆ ಬಾರಿಸದಿದ್ದರೂ ಅಡ್ಡಿಯಿಲ್ಲ. ಆತು, ಆತು ಎಂದು ತಲೆಯಾಡಿಸಿದ. ಅವನ ಕಣ್ಣು ಮಾತ್ರ ಗುಮಟೆಯ ಮೇಲಿತ್ತು.

ಎರಡನೇ ಮಾಳಿಗೆ

ಮಾವ ಮತ್ತು ತಿಮ್ಮಣ್ಣನಿಗೆ ಮೇಲಿನ ಒಂದು ಕೋಣೆ, ನನಗೆ ಕೆಳಗಡೆ ಒಂದು. ಎಷ್ಟು ಕೆಳಗೆ ಎಂದರೆ, ಲಾರಿಗಳು ನಿಂತ ಮಾಳಿಗೆಗಿಂತಲೂ ಕೆಳಗೆ. ಕಿಟಕಿಯಿಲ್ಲ. ಹಾಸಿಗೆಯ ಪಕ್ಕದ ಗೋಡೆಗೆ ಕೈಯಿಟ್ಟರೆ ತಣ್ಣಗೆ ಕೊರೆಯುತ್ತಿತ್ತು. ಈ ಗೋಡೆಯ ಆಚೆ ಏನಿದೆ ಎಂದು ಯೋಚಿಸಬಾರದೆಂದು ನಿರ್ಧಾರ ಮಾಡಿದೆ. ಅದನ್ನೇ ಯೋಚಿಸುತ್ತ ಮಲಗಿದೆ.

ಮೇಲೆ ಲಾರಿಗಳಿಗೆ ಬಿಗಿದ ಸರಪಳಿ ಆಗಾಗ ಕರಕರ ಎನ್ನುತ್ತಿತ್ತು. ಗಾಳಿ ಎದ್ದಿರಬೇಕು, ಹಡಗು ಒಮ್ಮೆ ಎದ್ದು, ತಡೆದು, ಕೆಳಕ್ಕೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಎಲ್ಲೋ ಒಂದು ಬಾಗಿಲು ಧಡ್ ಎಂದು ಬಡಿದುಕೊಳ್ಳುತ್ತಿತ್ತು. ಬಟ್ಟೆ ಬದಲಿಸಲಿಲ್ಲ, ಬೂಟು ಕಳಚಲಿಲ್ಲ. ದೀಪ ಆರಿಸುವ ಧೈರ್ಯ ಮೊದಲೇ ಇರಲಿಲ್ಲ. ಗೊತ್ತಿದ್ದ ದೇವರ ಹೆಸರೆಲ್ಲ ಒಂದು ಸುತ್ತು ಮುಗಿದು, ಮುರ್ಡೇಶ್ವರದಿಂದ ಮತ್ತೆ ಶುರು ಮಾಡಿದ್ದೆ.

ಆಗ ಹಡಗು ಕೂಗಿತು. ಉದ್ದಕ್ಕೆ, ಮೂರು ಸಲ. ಹಿಂದೆಯೇ ಮೇಲಿನ ಸ್ಪೀಕರಿನಿಂದ ಅವರ ಭಾಷೆಯಲ್ಲಿ ಗಡಿಬಿಡಿಯ ಮಾತು. ಮೊದಲ ಯೋಚನೆ ಏನು ಗೊತ್ತೇ? ಮಾವ ಬೆಂಕಿ ಹಚ್ಚಿಬಿಟ್ಟ!

ಮೆಟ್ಟಿಲು ಹೇಗೆ ಹತ್ತಿದೆನೋ. ಜನ ನಿದ್ದೆಗಣ್ಣಿನಲ್ಲಿ ಹೊರಗೆ ಬರುತ್ತಿದ್ದರು, ಹಡಗು ಒಂದು ಮಗ್ಗುಲಿಗೆ ವಾಲಿ ತಿರುಗುತ್ತಿತ್ತು, ಹಿಡಿಗಂಬಿ ಹಿಡಿಯದೆ ನಿಲ್ಲಲಾಗುತ್ತಿರಲಿಲ್ಲ. ಮಾವನ ಕೋಣೆಯ ಬಾಗಿಲು ಬಡಿದೆ. ತಿಮ್ಮಣ್ಣ ಕಣ್ಣುಜ್ಜುತ್ತ ತೆರೆದ. ಒಳಗೆ ಬೆಂಕಿ ಇಲ್ಲ, ಹೊಗೆ ಇಲ್ಲ. ಮಾವನೂ ಇಲ್ಲ, ಗುಮಟೆಯೂ ಇಲ್ಲ. ಚರ್ಮ ಥಂಡಿಯಾಯಿತು ಎಂದು ಗೊಣಗುತ್ತ ಎದ್ದದ್ದು ಗೊತ್ತು, ಆಮೇಲೆ ನನಗೆ ನಿದ್ದೆ ಎಂದ ತಿಮ್ಮಣ್ಣ.

ಈಗ ಸ್ಪೀಕರಿನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಒಬ್ಬ ಪ್ರಯಾಣಿಕ ಸಮುದ್ರಕ್ಕೆ ಬಿದ್ದಿರಬಹುದು, ಹಡಗು ಹಿಂತಿರುಗಿ ಹುಡುಕುತ್ತಿದೆ, ಎಲ್ಲರೂ ತಮ್ಮ ತಮ್ಮ ಜೊತೆಯವರು ಇದ್ದಾರೆಯೇ ನೋಡಿಕೊಳ್ಳಿ.

ತಿಮ್ಮಣ್ಣನನ್ನು ಅಲ್ಲೇ ಬಿಟ್ಟು ನಾನು ಕೆಳಕ್ಕೆ ಓಡಿದೆ.

ಏಳನೇ ಮಾಳಿಗೆ

ಕೆಳಗಿನ ವಿಚಾರಣೆ ಕಟ್ಟೆಯಲ್ಲಿ ಮರಿಯಾ ಎಂಬ ಹಡಗಿನ ಅಧಿಕಾರಿಣಿ ಸಿಕ್ಕಳು. ನನ್ನ ಮಾವ ಕಾಣುತ್ತಿಲ್ಲ ಎಂದೆ. ವಯಸ್ಸು ಕೇಳಿದಳು, ಮೈಮೇಲೆ ಏನಿತ್ತು ಎಂದು ಕೇಳಿದಳು. ತಲೆಗೆ ಬಿಳಿ ಬಟ್ಟೆ ಸುತ್ತಿದ್ದ ಎಂದದ್ದೇ ಅವಳ ಮುಖ ಬದಲಾಯಿತು. ನನ್ನ ಮೊಣಕೈ ಹಿಡಿದು ಮೇಲಕ್ಕೆ ಕರೆದೊಯ್ದಳು. ಆ ಹಿಡಿತದಲ್ಲಿ ಸಮಾಧಾನ ಇತ್ತು, ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು. ಯಾರಾದರೂ ಸತ್ತ ಮನೆಗೆ ಹೀಗೆ ಮೊಣಕೈ ಹಿಡಿದೇ ಕರೆದೊಯ್ಯುತ್ತಾರೆ.

ಏಳನೇ ಮಾಳಿಗೆಯ ಹೊರಗಟ್ಟೆ. ಬಾಗಿಲು ತೆರೆದದ್ದೇ ಗಾಳಿ ಕಪಾಳಕ್ಕೆ ಹೊಡೆಯಿತು. ಅಲ್ಲಿ ಒಬ್ಬ ಲಾರಿ ಚಾಲಕ ನಿಂತಿದ್ದ, ಬೆರಳ ಸಂದಿಯಲ್ಲಿ ಆರಿದ ಸಿಗರೇಟು. ಇವನು ಮೇಲಿನ ಮಾಳಿಗೆಯಲ್ಲಿ ಸೇದುತ್ತ ನಿಂತಿದ್ದಾಗ ಕೆಳಗೆ ಬಿಳಿ ರುಮಾಲಿನ ಮುದುಕನೊಬ್ಬ ಕಟಾಂಜನದ ಹೊರಗೆ ಎರಡೂ ಕೈ ಚಾಚಿ ಬಾಗಿದ್ದನ್ನು ಕಂಡನಂತೆ. ಬೇಡ ಎಂದು ಕೂಗಿದನಂತೆ. ಗಾಳಿಗೆ ಕೇಳಿಸಲಿಲ್ಲ. ಮೆಟ್ಟಿಲಿಳಿಯಲು ತಿರುಗಿದಾಗ ನೀರಿಗೆ ಏನೋ ಬಿದ್ದ ಸದ್ದು. ಓಡಿ ಬಂದು ನೋಡಿದರೆ ಯಾರೂ ಇಲ್ಲ. ಆ ಮೂಲೆ ಕ್ಯಾಮೆರಾಕ್ಕೆ ಕಾಣುವುದಿಲ್ಲವಂತೆ.

ಮರಿಯಾ ಟಾರ್ಚನ್ನು ಕೆಳಕ್ಕೆ ಹಿಡಿದಳು. ಕಟಾಂಜನದ ಬುಡದಲ್ಲಿ ಒಂದು ಜೊತೆ ಚಪ್ಪಲಿ. ಪಕ್ಕಪಕ್ಕಕ್ಕೆ, ಸಮುದ್ರಕ್ಕೆ ಮುಖ ಮಾಡಿ. ಎರಡರೊಳಗೂ ಉಣ್ಣೆಯ ಕಾಲುಚೀಲ, ಮಡಿಸಿ ಇಟ್ಟದ್ದು.

ಕುಮಟೆಯ ಹೊಲಿಗೆ. ನನಗೆ ಗುರುತು ಸಿಗದೇ ಇರುತ್ತದೆಯೇ?

ನಿಮ್ಮವರಿಗೆ ಏನಾದರೂ ದುಃಖ ಇತ್ತೇ ಎಂದು ಮರಿಯಾ ಮೆತ್ತಗೆ ಕೇಳಿದಳು. ಅವಳ ದೇಶದಲ್ಲಿ ಚಪ್ಪಲಿ ಹೀಗೆ ನೀಟಾಗಿ ಬಿಟ್ಟು ಹೋದವರು ತಿರುಗಿ ಬರುವುದಿಲ್ಲ ಎಂಬುದು ಆ ಪ್ರಶ್ನೆಯಲ್ಲಿಯೇ ಇತ್ತು. ಇಲ್ಲ, ಇಲ್ಲವೇ ಇಲ್ಲ ಎಂದೆ. ಹೇಳುತ್ತಿರುವಾಗಲೇ ನೆನಪಾಯಿತು: ನಿನ್ನೆ ಊಟ ಬಿಟ್ಟಿದ್ದ. ಊರಿನ ಹೆಸರು ಹಾಳಾಯಿತು ಎಂದಿದ್ದ. ಗುಮಟೆ ಹಾಳಾಗಿ ಹೋಗಲಿ ಎಂದು ನಾನೇ ಒದರಿದ್ದೆ. ಗುಮಟೆಯೂ ಕೋಣೆಯಲ್ಲಿಲ್ಲ. ಹಾಗಾದರೆ ಗುಮಟೆ ಸಮೇತ? ಛೇ! ಹೊನ್ನತ್ತೆಯ ಮುಖ ಎದುರಿಗೆ ಬಂದು ನಿಂತಿತು. ಅವಳಿಗೆ ನಾನು ಈ ಚಪ್ಪಲಿ ತೆಗೆದುಕೊಂಡು ಹೋಗಿ ಕೊಡಬೇಕೇ?

ಹಡಗು ನಿಂತಿತು. ಅಷ್ಟು ಹೊತ್ತು ಕಾಲಡಿಯಲ್ಲಿ ಗುಡುಗುಡು ಎನ್ನುತ್ತಿದ್ದ ಎಂಜಿನ್ನು ತಗ್ಗಿ, ಬರಿಯ ಗಾಳಿ ಮತ್ತು ನೀರು ಕೇಳತೊಡಗಿತು. ದೊಡ್ಡ ದೀಪದ ಕೋಲು ಸಮುದ್ರದ ಮೇಲೆ ಆ ಕಡೆಯಿಂದ ಈ ಕಡೆಗೆ ಆಡುತ್ತಿತ್ತು. ಜನ್ಮವಿಡೀ ನೀರು ನೋಡದೆ ತಲೆ ತಿರುಗಿಸಿದ ನಾನು, ಕಟಾಂಜನಕ್ಕೆ ಎದೆ ಒತ್ತಿ, ರೆಪ್ಪೆ ಬಡಿಯದೆ ಆ ಕಪ್ಪು ನೀರನ್ನು ನೋಡಿದೆ. ತೆರೆಯ ಮೇಲೆ ತೆರೆ, ನೊರೆ, ಮತ್ತೆ ತೆರೆ. ಪ್ರತಿ ನೊರೆಯೂ ಬಿಳಿ ಮುಂಡಾಸಿನಂತೆ ಕಾಣುತ್ತಿತ್ತು.

ಯಾರೋ ಕೂಗಿದರು. ದೀಪ ಒಂದೇ ಕಡೆ ನಿಂತಿತು. ಬೆಳಕಿನ ವೃತ್ತದ ನಡುವೆ ದುಂಡಗೆ, ಕಪ್ಪಗೆ ಏನೋ ಒಂದು ಮುಳುಗುತ್ತಿತ್ತು, ಏಳುತ್ತಿತ್ತು. ತಲೆ. ನೆತ್ತಿಯ ಮೇಲೆ ಒದ್ದೆ ಕೂದಲು ಕೂಡ ಕಂಡಿತು. ಕೆಳಗೆ ಸಣ್ಣ ದೋಣಿ ಇಳಿಸುತ್ತಿದ್ದರು, ಗಾಳಿಗೆ ಅದು ಹಡಗಿನ ಮೈಗೆ ಬಡಿಯುತ್ತಿತ್ತು. ಮರಿಯಾ ದುರ್ಬೀನಿನಲ್ಲಿ ನೋಡಿದಳು. ಕೆಳಗಿಳಿಸಿದಳು, ಮತ್ತೆ ನೋಡಿದಳು. ನನ್ನ ಕೈಗೆ ಕೊಟ್ಟಳು.

ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಜುಟ್ಟು. ಅರಸಿನ ಕುಂಕುಮದ ಬಣ್ಣ ಇನ್ನೂ ಪೂರ್ತಿ ತೊಳೆದುಹೋಗಿರಲಿಲ್ಲ.

"ಕಾಯಿ," ಎಂದೆ ನಾನು ಕನ್ನಡದಲ್ಲೇ. "ನಮ್ಮನೆ ಕಾಯಿ."

ಮೈಕು

ಮರಿಯಾಳಿಗೆ ಹೇಗೆ ವಿವರಿಸಿದೆನೋ ದೇವರಿಗೇ ಗೊತ್ತು. ನಮ್ಮಲ್ಲಿ ಅಳಿವೆ ದಾಟುವಾಗ ಹಳಬರು ಸಮುದ್ರಕ್ಕೆ ಒಂದು ಕಾಯಿ ಬಿಡುತ್ತಾರೆ, ಎಸೆಯುವುದಿಲ್ಲ, ಎರಡು ಕೈಯಲ್ಲಿ ಹಿಡಿದು ಬಾಗಿ ಬಿಡುತ್ತಾರೆ. ದೇವರ ಎದುರು ಹೇಗೆ ಚಪ್ಪಲಿ ಮೆಟ್ಟುವುದಿಲ್ಲವೋ ಹಾಗೆ ಆ ಹೊತ್ತಿಗೆ ಚಪ್ಪಲಿ ಕಳಚಿಡುತ್ತಾರೆ. ಲಾರಿಯವನು ಕಂಡ ಕೈ ಅದು, ಕೇಳಿದ ಸದ್ದು ಈ ಕಾಯಿಯದು. ಅವಳು ಇದನ್ನೇ ವಾಕಿಟಾಕಿಯಲ್ಲಿ ಕಪ್ತಾನನಿಗೆ ಹೇಳಿದಳು. ಆ ಕಡೆಯಿಂದ ಒಂದು ಪ್ರಶ್ನೆ ಬಂತು.

ಸಮಾಧಾನವಾಯಿತೇ ಎಂದರೆ, ಇಲ್ಲ. ಕಪ್ತಾನನ ಪ್ರಶ್ನೆಯೇ ನನ್ನದೂ ಆಗಿತ್ತು: ಕಾಯಿ ಬಿದ್ದದ್ದು ನಿಜ, ಆದರೆ ಬಾಗಿದ ಮನುಷ್ಯ ಎಲ್ಲಿ? ಆ ಗಾಳಿಗೆ, ಆ ಒದ್ದೆ ಕಬ್ಬಿಣದ ಮೇಲೆ ಬರಿಗಾಲಲ್ಲಿ ನಿಂತ ಮುದುಕ ಕಾಯಿಯ ಹಿಂದೆಯೇ ಹೋಗಿದ್ದರೆ? ಮುಗಿಸಿ ಬಂದಿದ್ದರೆ ಚಪ್ಪಲಿ ಯಾಕೆ ಇಲ್ಲೇ ಉಳಿಯಿತು? ಸಣ್ಣ ದೋಣಿ ಕಾಯಿಯ ಸುತ್ತ ಸುತ್ತುತ್ತಲೇ ಇತ್ತು.

ಹಡಗಿನ ಒಳಗೂ ಹುಡುಕುತ್ತಿದ್ದರು. ಮತ್ತೆ ಮತ್ತೆ ಸ್ಪೀಕರಿನಲ್ಲಿ ಹೆಸರು ಕೂಗುತ್ತಿದ್ದರು. ಅವರ ಬಾಯಲ್ಲಿ ಬೀರು ಗೌಡ ಎಂಬುದು ಯಾವುದೋ ಔಷಧಿಯ ಹೆಸರಿನ ಹಾಗೆ ಕೇಳುತ್ತಿತ್ತು. ಮಾವನಿಗೆ ಇದು ತನ್ನ ಹೆಸರೆಂದು ಗೊತ್ತಾಗಲು ಸಾಧ್ಯವೇ ಇಲ್ಲ ಎಂದು ಮರಿಯಾಳಿಗೆ ಹೇಳಿದೆ. ಹಾಗಾದರೆ ನೀವೇ ಕರೆಯಿರಿ ಎಂದಳು.

ವಿಚಾರಣೆ ಕಟ್ಟೆಯ ಹಿಂದಿನ ಕೋಣೆಯಲ್ಲಿ ಮೈಕು ಕೈಗೆ ಕೊಟ್ಟಳು. ಇಡೀ ಹಡಗು ಕೇಳುತ್ತದೆ, ನಿಮ್ಮ ಭಾಷೆಯಲ್ಲಿ ಹೇಳಿ ಎಂದಳು. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಬಾಯಿ ಬರಲಿಲ್ಲ. ಇದ್ದಲ್ಲಿಂದ ಬಾ ಎನ್ನಬೇಕೋ, ಇದ್ದಲ್ಲೇ ಇರು ಎನ್ನಬೇಕೋ. ಕೊನೆಗೆ ಬಂದದ್ದು ಇಷ್ಟು:

"ಮಾವಾ, ನಾನು. ಎಲ್ಲಿದ್ದೀ ಮಾವಾ? ನಂಗೆ ಹೆದ್ರಿಕೆ ಆಗ್ತದೆ."

ಜನ ಕಂಡು ನಕ್ಕದ್ದುಂಟು, ನಾನಾಗಿ ಯಾರ ಹತ್ತಿರವೂ ಬಾಯಿಬಿಟ್ಟು ಹೇಳದ ಮಾತು. ಹಡಗಿನ ಪ್ರತಿ ಮಾಳಿಗೆಯಲ್ಲಿ, ಪ್ರತಿ ಕೋಣೆಯಲ್ಲಿ ಅದು ಕೇಳಿಸಿತು.

ಏನೂ ಇಲ್ಲ. ಗೋಡೆಯಾಚೆ ಗಾಳಿ. ಮರಿಯಾ ನನ್ನ ಬೆನ್ನ ಮೇಲೆ ಕೈ ಇಟ್ಟಳು. ನಾನು ಮೈಕಿಗೆ ಹಣೆ ಒತ್ತಿ ಅಳಲು ಶುರು ಮಾಡಿದೆ.

ಆಗ, ಎಲ್ಲೋ ದೂರದಿಂದ, ಗೋಡೆಗಳ ಒಳಗಿನಿಂದಲೇ ಬಂದ ಹಾಗೆ, ಒಂದು ಪೆಟ್ಟು. ಮತ್ತೊಂದು. ಎಂಜಿನ್ನು ಮೊದಲಿನ ಹಾಗೆ ಓಡುತ್ತಿದ್ದರೆ ಖಂಡಿತ ಕೇಳುತ್ತಿರಲಿಲ್ಲ. ಆಮೇಲೆ ಎರಡು ಸೇರಿ, ತಡೆದು, ಮತ್ತೆ ಎರಡು. ಸುಗ್ಗಿಯವರು ಮನೆಯಂಗಳದ ತುದಿಯಲ್ಲಿ ನಿಂತು, ನಾವು ಬಂದಿದ್ದೇವೆ ಎಂದು ಒಳಗಿನವರಿಗೆ ತಿಳಿಸುವ ಪೆಟ್ಟು ಅದು. ಗೊಗ್ಗರು ಇಲ್ಲ, ಸಡಿಲ ಇಲ್ಲ. ಬಿಗಿದ ಚರ್ಮದ ಗಟ್ಟಿ ದನಿ.

ನಾನು ಓಡಿದೆ. ಮರಿಯಾ ನನ್ನ ಹಿಂದೆ ಓಡಿದಳು.

ಉದ್ದ ಓಣಿಯೊಂದರ ಕೊನೆಯಲ್ಲಿ, ಜಮಖಾನೆ ಮುಗಿದು ಬರಿಯ ನೆಲ ಶುರುವಾಗುವ ಕಡೆ, ಮಾವ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಕಂಕುಳಲ್ಲಿ ಗುಮಟೆ. ಆ ಗೋಡೆಯ ಒಳಗೆ ಎಂಜಿನ್ನಿನ ಹೊಗೆ ಹೋಗುವ ಕೊಳವೆ ಇದೆಯಂತೆ, ಅದು ಒಲೆಯ ಹಿಂಬದಿಯ ಗೋಡೆಯಷ್ಟು ಬಿಸಿ. ಗುಮಟೆಯನ್ನು ಬಾಗಿಲ ಒಳಗೇ ಇಟ್ಟು ಹೋಗಿದ್ದವನಿಗೆ, ಕಾಯಿ ಬಿಟ್ಟು ಒಳಗೆ ಬಂದಾಗ ಬರಿಗಾಲಿಗೆ ನೆಲ ಬೆಚ್ಚಗೆ ತಾಗಿತಂತೆ. ಎಲ್ಲಿಂದ ಬೆಚ್ಚಗೆ ಎಂದು ಕಾಲಲ್ಲೇ ನೋಡುತ್ತ ಬಂದು ಈ ಗೋಡೆ ಸಿಕ್ಕಿತು, ಬೆಂಕಿ ಹಚ್ಚಬಾರದು ಎಂದಿದ್ದೆಯಲ್ಲ, ಹಚ್ಚಲಿಲ್ಲ, ಇದಕ್ಕೇ ಹಿಡಿದು ಕೂತೆ ಎಂದ. ಚಪ್ಪಲಿ ಆಮೇಲೆ ತಂದರಾಯಿತು ಎಂದುಕೊಂಡನಂತೆ. ಹಡಗು ಕೂಗಿದ್ದು, ಸ್ಪೀಕರು ಅರಚಿದ್ದು ಎಲ್ಲ ಕೇಳಿತ್ತು. ಬಸ್ ಸ್ಟ್ಯಾಂಡಿನಲ್ಲಿ ದಿನಾ ಅರಚುವುದಿಲ್ಲವೇ, ಅದರಲ್ಲಿ ನಮಗೇನು ಎಂದು ಕೂತಿದ್ದ. ನನ್ನ ದನಿ ಚಾವಣಿಯಿಂದ ಬಂದಾಗ ಮಾತ್ರ ಎದ್ದು ನಿಂತನಂತೆ. ಯಾವ ಕಡೆ ತಿರುಗಿ ಓಗೊಡಬೇಕೋ ತಿಳಿಯಲಿಲ್ಲ. ಅದಕ್ಕೆ ಮತ್ತೆ ಕೂತು ಬಾರಿಸಿದ.

ನಾನು ಅವನ ಜಾಕೀಟು ಹಿಡಿದು ಜಗ್ಗಾಡಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಇಡೀ ಹಡಗು ನಿಂತಿದೆ, ನೀನು ಸತ್ತೆ ಎಂದು ಜನ ನೀರಿಗಿಳಿದಿದ್ದಾರೆ, ಈ ಅಪರಾತ್ರಿಯಲ್ಲಿ ಆ ಕಾಯಿ ಯಾಕೆ ಬೇಕಿತ್ತು ನಿನಗೆ?

ಮಾವ ಕಕ್ಕಾಬಿಕ್ಕಿಯಾಗಿ ಮರಿಯಾಳನ್ನು ನೋಡಿದ, ನನ್ನ ಕುತ್ತಿಗೆಯ ಚೀಲವನ್ನು ನೋಡಿದ.

"ನೀನು ಹಡಗ ಹತ್ತಿದಾಗಿಂದ ಉಸ್ರು ಬಿಡ್ದೇ ಕೂತಿದ್ದೆ ತಂಗೀ," ಎಂದ. "ನಿಂಗೆ ಹೆದ್ರಿಕೆ ಅಂದ್ಕಂಡು ಒಂದು ಕಾಯಿ ಬಿಟ್ಟು ಬಂದೆ. ನಂಗೆ ಎಂತ ಹೆದ್ರಿಕೆ?"

ಅವರು ಏನೆಂದರು ಎಂದು ಮರಿಯಾ ಕೇಳಿದಳು. ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ವಾಕಿಟಾಕಿ ಬಾಯಿಗಿಟ್ಟುಕೊಂಡವಳು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಹೆಲ್ಸಿಂಕಿ

ಹಡಗು ತಡವಾಗಿ ದಡ ಸೇರಿತು. ಯಾರಾದರೂ ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿಕೊಂಡೇ ಸಾಲಿನಲ್ಲಿ ನಿಂತೆ. ಯಾರೂ ಬೈಯಲಿಲ್ಲ. ಲಾರಿ ಚಾಲಕ ಬಂದು ಮಾವನ ಎರಡೂ ಕೈ ಹಿಡಿದು ಬಹಳ ಹೊತ್ತು ಅಲ್ಲಾಡಿಸಿದ. ಯಾರಿವನು ಎಂದು ಮಾವ ಕೇಳಿದ. ನೀನು ಬದುಕಿದ್ದಕ್ಕೆ ಖುಷಿಪಡುವವನು ಎಂದೆ. ಪಾಪ, ಅವನಿಗೂ ಒಂದು ಎಲೆ ಕೊಡೋಣ ಎಂದು ಎಲೆಯಡಿಕೆಯ ಕವಳದ ಚೀಲ ಬಿಚ್ಚಲು ಹೊರಟವನನ್ನು ತಡೆಯುವಷ್ಟರಲ್ಲಿ ಸಾಕಾಯಿತು. ಮರಿಯಾ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದು ಕೊಟ್ಟಳು. ಕಾಲುಚೀಲ ಹಾಗೆಯೇ ಮಡಿಸಿದ್ದವು.

ನನ್ನ ಹೆದರಿಕೆ ಹೋಯಿತೇ ಎಂದು ಕೇಳಬೇಡಿ. ಇಳಿಯುವ ಸೇತುವೆಯ ಸಂದಿಯಲ್ಲಿ ಕೆಳಗೆ ನೀರು ಕಂಡದ್ದೇ ಅಲ್ಲೇ ನಿಂತುಬಿಟ್ಟೆ. ಈ ಸಲ ಮಾತ್ರ ಎದುರಿನವರ ಕುತ್ತಿಗೆ ನೋಡಲಿಲ್ಲ. ಮಾವನ ಜಾಕೀಟಿನ ತೋಳು ಹಿಡಿದುಕೊಂಡೆ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಊರಿಗೆ ಫೋನು ಹಚ್ಚಿದೆ. ನಡೆದದ್ದನ್ನು ಅತ್ತೆಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ನಾನು ಹಲೋ ಎನ್ನುವ ಮುಂಚೆಯೇ ಮಾವ ಫೋನು ಇಸಿದುಕೊಂಡ. ಅವನಿಗೆ ಅದನ್ನು ಕಿವಿಗೆ ಹಿಡಿದು ಅಭ್ಯಾಸವಿಲ್ಲ, ಅಂಗೈ ಮೇಲಿಟ್ಟುಕೊಂಡು ಸ್ಪೀಕರಿನಲ್ಲೇ ಮಾತಾಡುತ್ತಾನೆ. ಕಾಗಾಲದ ಕೋಳಿಯ ಸದ್ದು, ಅದರ ಮೇಲೆ ಅತ್ತೆಯ ದನಿ. ಹೇಗಿದ್ದೀರಿ ಎಂದಿಲ್ಲ, ಉಂಡಿರಾ ಎಂದಿಲ್ಲ.

"ಕಾಯಿ ಬಿಟ್ರಾ?"

"ಬಿಟ್ಟೆ."

"ಹುಡುಗಿ?"

ಮಾವ ನನ್ನನ್ನು ನೋಡಿದ. ಕಾಲುಚೀಲ ಏರಿಸಿಕೊಳ್ಳುತ್ತಿದ್ದವನು ಅದನ್ನು ಅರ್ಧಕ್ಕೇ ಬಿಟ್ಟ.

"ಹೆದ್ರಲಿಲ್ಲ," ಎಂದ. "ಮೈಕಲ್ಲಿ ಮಾತಾಡ್ತು. ಅಡಿಗೆಮನೆ ಹಿಂದೆ ನೀನು ಹೇಳಿದ್ದು ನೆನಪದೆ ಮಾರಾಯ್ತಿ. ಹ್ಯಾಂಗೆ ಕರ್ಕಂಡು ಬಂದೆನೋ, ಹಾಂಗೇ ತಂದು ಮುಟ್ಸ್ತೆ."